ಹೂ ಮಾರುವ ಹುಡುಗಿಯ ಎರಡು ನುಡಿ: 'ಮೈ ಫೇರ್ ಲೇಡಿ'ಯ ಮಾಸದ ಆಕರ್ಷಣೆ

1

ಚಲನಚಿತ್ರದ ಪ್ರಕಾರಗಳಲ್ಲಿ ಕಾಲದ ಹೊಡೆತಕ್ಕೆ ಬೇಗನೆ ಸಿಲುಕುವುದು ಸಂಗೀತಪ್ರಧಾನವಾದ ಪ್ರಣಯ ವಿನೋದಚಿತ್ರ. ಅದರ ಉಡುಗೆ ತೊಡುಗೆ, ನೃತ್ಯ, ವಾದ್ಯಮೇಳ, ನಗೆಮಾತು ಎಲ್ಲವೂ ಒಂದು ತಲೆಮಾರಿನ ಅಭಿರುಚಿಗೆ ಕಟ್ಟುಬಿದ್ದವು. ಅಭಿರುಚಿ ಬದಲಾದೊಡನೆ ಚಿತ್ರವೂ ಹಳತಾಗುತ್ತದೆ. ಕಳೆದ ಶತಮಾನದ ನಡುಗಾಲದಲ್ಲಿ ಹಾಲಿವುಡ್ ಹೇರಳವಾಗಿ ತಯಾರಿಸಿದ ಇಂಥ ಚಿತ್ರಗಳಲ್ಲಿ ಹೆಚ್ಚಿನವು ಇಂದು ಚರಿತ್ರೆಕಾರರ ಪಟ್ಟಿಗಳಲ್ಲಷ್ಟೇ ಉಳಿದಿವೆ. ಉಳಿದುಕೊಂಡ ಕೆಲವನ್ನು ನೋಡಿದರೆ ಒಂದು ಕುತೂಹಲದ ಸಂಗತಿ ಕಣ್ಣಿಗೆ ಬೀಳುತ್ತದೆ. ಅವುಗಳಲ್ಲಿ ಎರಡು, 'ಸಿಂಗಿಂಗ್ ಇನ್ ದ ರೇನ್' (1952) ಮತ್ತು 'ಮೈ ಫೇರ್ ಲೇಡಿ' (1964), ಮನುಷ್ಯನ ಧ್ವನಿಯನ್ನೇ ವಸ್ತುವಾಗಿ ಉಳ್ಳವು. ಮೊದಲನೆಯದು ಮೂಕಿಚಿತ್ರದಿಂದ ಟಾಕಿಗೆ ದಾಟುವ ಕಾಲದಲ್ಲಿ ದನಿ ಒಗ್ಗದ ತಾರೆಯೊಬ್ಬಳ ಪರವಾಗಿ ತೆರೆಮರೆಯಿಂದ ಹಾಡುವ ಹುಡುಗಿಯ ಕಥೆ. ಎರಡನೆಯದು ಉಚ್ಚಾರಣೆಯನ್ನು ತಿದ್ದಿಸಿಕೊಂಡು ತನ್ನ ಜಾಗವನ್ನೇ ಕಳೆದುಕೊಳ್ಳುವ ಹೂ ಮಾರುವ ಹುಡುಗಿಯ ಕಥೆ.

ಈ ಲೇಖನದ ಉದ್ದೇಶ ಎರಡನೆಯ ಚಿತ್ರದ ದೀರ್ಘಕಾಲದ ಆಕರ್ಷಣೆಯ ಕಾರಣವನ್ನು ವಿಚಾರಿಸುವುದು. ಆ ವಿಚಾರವನ್ನು ಲಂಡನ್ನಿನಿಂದಾಗಲಿ ಅಮೆರಿಕದಿಂದಾಗಲಿ ಮಾಡದೆ, ಮುಂಬಯಿಯ ಈಶಾನ್ಯದ ಉಪನಗರವಾದ ಮುಲುಂಡಿನಲ್ಲಿ ನಿಂತು ಮಾಡಬಹುದೆಂದು ನನಗೆ ತೋರುತ್ತದೆ. ಮಧ್ಯ ರೈಲುಮಾರ್ಗದಲ್ಲಿ ಠಾಣೆಯ ಕಡೆಗೆ ಹೋಗುವಾಗ ಮಹಾನಗರಪಾಲಿಕೆಯ ಎಲ್ಲೆಯೊಳಗಿನ ಕಡೆಯ ನಿಲ್ದಾಣ ಮುಲುಂಡ್. ಮರಾಠಿ, ಗುಜರಾತಿ, ಕಚ್ಛಿ, ಸಿಂಧಿ, ಪಂಜಾಬಿ, ತಮಿಳು, ಮಲಯಾಳ, ತುಳು, ಕೊಂಕಣಿ ಮತ್ತು ಕನ್ನಡ ಅಲ್ಲಿ ಅಕ್ಕಪಕ್ಕದ ಬಾಗಿಲುಗಳ ಭಾಷೆಗಳು. ಪಂಚರಸ್ತಾ ಕೂಟದಲ್ಲಿ ಹೂವಿನ ಮಾಲೆ ಕೊಳ್ಳುವವನು ಬಾಯಿ ತೆರೆದ ಕೂಡಲೇ ಮಾರುವವಳಿಗೆ ಅವನ ಊರು ತಿಳಿಯುತ್ತದೆ. ಅವಳ ಊರು ಅವನಿಗೂ ತಿಳಿಯುತ್ತದೆ. ಹೀಗೆ ನುಡಿಯಿಂದ ನೆಲೆಯನ್ನು ಗುರುತಿಸುವ ವಿದ್ಯೆ ಇಲ್ಲಿ ಪ್ರಾಧ್ಯಾಪಕರ ಸ್ವತ್ತಲ್ಲ, ದಿನನಿತ್ಯದ ವ್ಯವಹಾರ. ಇಂಥ ಊರಿನಲ್ಲಿ ವಾಸಿಸುವ ಕನ್ನಡಿಗನಿಗೆ 'ಮೈ ಫೇರ್ ಲೇಡಿ' ದೂರದ ಕಥೆಯಾಗಿ ಕಾಣಲಾರದು.

2

ಚಿತ್ರದ ಹಿಂದೆ ಅರ್ಧ ಶತಮಾನದ ಪರಂಪರೆಯಿದೆ. ಜಾರ್ಜ್ ಬರ್ನಾರ್ಡ್ ಷಾ ಅವರ 'ಪಿಗ್ಮೇಲಿಯನ್' ನಾಟಕ 1913ರಲ್ಲಿ ವಿಯೆನ್ನಾದಲ್ಲಿ ಜರ್ಮನ್ ಭಾಷೆಯಲ್ಲಿ ಮೊದಲು ರಂಗವೇರಿತು; 1914ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡಿತು. ತಾನು ಕಡೆದ ಶಿಲ್ಪವನ್ನೇ ಪ್ರೀತಿಸಿದ ಶಿಲ್ಪಿಯ ಗ್ರೀಕ್ ಪುರಾಣಕಥೆಯನ್ನು ಷಾ ಧ್ವನಿವಿಜ್ಞಾನಿಯೊಬ್ಬನ ಕಥೆಯನ್ನಾಗಿ ಮಾರ್ಪಡಿಸಿದರು. ಇದನ್ನು ಆಧರಿಸಿ 1938ರಲ್ಲಿ ತಯಾರಾದ ಇಂಗ್ಲಿಷ್ ಚಿತ್ರದ ಚಿತ್ರಕಥೆಗೆ ಷಾ ಅವರಿಗೂ ಆಸ್ಕರ್ ಪ್ರಶಸ್ತಿಯ ಪಾಲು ದೊರೆಯಿತು. ಅವರು 1950ರಲ್ಲಿ ತೀರಿಕೊಂಡ ಮೇಲೆ ಆಲನ್ ಜೇ ಲರ್ನರ್ ಸಾಹಿತ್ಯ ಮತ್ತು ಫ್ರೆಡರಿಕ್ ಲೋ ಸಂಗೀತ ಒದಗಿಸಿದ ಗೀತನಾಟಕ 1956ರ ಮಾರ್ಚ್ 15ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಆರಂಭವಾಗಿ 2,717 ಪ್ರಯೋಗಗಳನ್ನು ಕಂಡಿತು. 1964ರಲ್ಲಿ ಜಾರ್ಜ್ ಕ್ಯೂಕರ್ ನಿರ್ದೇಶನದಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆ ಅದನ್ನು ತೆರೆಗೆ ತಂದಿತು. ಅತ್ಯುತ್ತಮ ಚಿತ್ರ, ನಿರ್ದೇಶನ, ನಾಯಕನಟ ಸೇರಿದಂತೆ 8 ಆಸ್ಕರ್ ಪ್ರಶಸ್ತಿಗಳು ಅದಕ್ಕೆ ಸಂದವು.

ಕಥೆ ಸರಳ. ಕೊವೆಂಟ್ ಗಾರ್ಡನ್ ಮಾರುಕಟ್ಟೆಯ ಬಳಿ ಹೂ ಮಾರುವ ಎಲೈಜಾ ಡೂಲಿಟಲ್ ಲಂಡನ್ನಿನ ಬಡಜನರ ಕಾಕ್ನಿ ನುಡಿಯಾಡುವವಳು. ಪ್ರಾಧ್ಯಾಪಕ ಹೆನ್ರಿ ಹಿಗಿನ್ಸ್ ಮಾತನ್ನು ಕೇಳಿ ಮನುಷ್ಯನ ಊರನ್ನು ಆರು ಮೈಲಿಗಳ ಅಂತರದೊಳಗೆ ಹೇಳಬಲ್ಲೆನೆಂದು ಹೆಮ್ಮೆಪಡುವವನು. ಈ ಹುಡುಗಿಯ ನುಡಿಯನ್ನು ಆರು ತಿಂಗಳಲ್ಲಿ ತಿದ್ದಿ ರಾಜಮನೆತನದವರ ನಡುವೆ ನಿಲ್ಲಿಸುವೆನೆಂದು ಅವನು ಕರ್ನಲ್ ಪಿಕರಿಂಗ್ ಎಂಬ ಗೆಳೆಯನೊಡನೆ ಪಂಥ ಕಟ್ಟುತ್ತಾನೆ, ಗೆಲ್ಲುತ್ತಾನೆ. ಗೆದ್ದ ಮೇಲೆ ಹುಡುಗಿಯ ಗತಿಯೇನು ಎಂಬುದು ಅವನಿಗೆ ಹೊಳೆದೇ ಇರುವುದಿಲ್ಲ.

ಪಿಕರಿಂಗ್ ಭಾರತದಿಂದ ಬಂದವನು, ಸಂಸ್ಕೃತ ಮತ್ತು ಭಾರತೀಯ ನುಡಿಗಳ ಅಭ್ಯಾಸಿ ಎಂಬುದನ್ನು ನಮ್ಮ ಪ್ರೇಕ್ಷಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಷಾ ಇದನ್ನು ಸುಮ್ಮನೆ ಸೇರಿಸಿದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಐರೋಪ್ಯ ಧ್ವನಿವಿಜ್ಞಾನವು ವರ್ಣಗಳ ಸ್ಥಾನ ಮತ್ತು ಪ್ರಯತ್ನಗಳನ್ನು ವಿವರಿಸುವ ಸಂಸ್ಕೃತದ ಶಿಕ್ಷಾಗ್ರಂಥಗಳಿಂದಲೂ ಪ್ರೇರಣೆ ಪಡೆದಿತ್ತು. ಹಿಗಿನ್ಸನ ಕಲ್ಪನೆಗೆ ಎಡೆಮಾಡಿಕೊಟ್ಟವರಲ್ಲಿ ಹೆನ್ರಿ ಸ್ವೀಟ್ ಎಂಬ ಆಕ್ಸ್‌ಫರ್ಡ್ ಧ್ವನಿವಿಜ್ಞಾನಿಯೂ ಒಬ್ಬರು. ಆದ್ದರಿಂದ ಹಿಗಿನ್ಸನ ಪ್ರಯೋಗಶಾಲೆಯಲ್ಲಿ ನಡೆಯುವ ಕೆಲಸ ನಮಗೆ ತೀರ ಅಪರಿಚಿತವಲ್ಲ.

3

ಆ ಪ್ರಯೋಗಶಾಲೆಯಲ್ಲಿ ಎಲೈಜಾಳ ಎರಡು ದೋಷಗಳ ಮೇಲೆ ಹೆಚ್ಚಿನ ಶ್ರಮ ನಡೆಯುತ್ತದೆ. ಒಂದು, 'ರೇನ್' ಎಂಬಂತಹ ಶಬ್ದಗಳನ್ನು ಅವಳು 'ರೈನ್' ಎಂಬಂತೆ ಉಚ್ಚರಿಸುವುದು. ಇನ್ನೊಂದು, ಶಬ್ದದ ಮೊದಲಲ್ಲಿರುವ ಹಕಾರವನ್ನು ನುಂಗುವುದು. ಎರಡನೆಯದಕ್ಕಾಗಿ ಅವಳ ಬಾಯಿಯ ಮುಂದೆ ಒಂದು ಜ್ವಾಲೆಯನ್ನು ಇಡುತ್ತಾರೆ. ಹಕಾರದ ಉಸಿರು ಸರಿಯಾಗಿ ಬಂದರೆ ಜ್ವಾಲೆ ಅಲುಗಬೇಕು. ಪ್ರೇಕ್ಷಕರು ನಗುವ ಈ ದೃಶ್ಯದಲ್ಲಿ ಕನ್ನಡದ ವಿದ್ಯಾರ್ಥಿ ಒಂದು ಕ್ಷಣ ನಿಲ್ಲಬೇಕಾಗುತ್ತದೆ.

ಹಕಾರವನ್ನು ನುಂಗುವುದು ಕನ್ನಡದಲ್ಲಿಯೂ ಉಂಟು. ಹಳೆಯ ಮೈಸೂರಿನ ಗ್ರಾಮೀಣ ನುಡಿಗಳಲ್ಲಿ ಹಾಲು 'ಆಲು' ಆಗುತ್ತದೆ, ಹಬ್ಬ 'ಅಬ್ಬ' ಆಗುತ್ತದೆ, ಹೂವು 'ಊವು' ಆಗುತ್ತದೆ. ಪಾಠಶಾಲೆಯಲ್ಲಿ ಇದು ದೋಷ, ಪೇಟೆಯಲ್ಲಿ ನಗೆಪಾಟಲು. ಆದರೆ ಶಿಷ್ಟವೆಂದು ನಾವು ನಂಬಿರುವ ಈ 'ಹೂ' ಎಂಬುದರ ಚರಿತ್ರೆಯೇನು? ಹಳಗನ್ನಡದಲ್ಲಿ ಅದು 'ಪೂ'. ಪಾಲ್ ಹಾಲಾದಂತೆ, ಪುಲಿ ಹುಲಿಯಾದಂತೆ, ನಡುಗನ್ನಡದ ಹೊತ್ತಿಗೆ ಪಕಾರ ಹಕಾರಕ್ಕೆ ತಿರುಗಿತು. ತುಳುವಿನಲ್ಲಿ ಇಂದಿಗೂ ಹೂವು 'ಪೂ', ಹುಲಿ 'ಪಿಲಿ'. ಪಕಾರವನ್ನು ಬಿಟ್ಟು ಹಕಾರವನ್ನು ಮೊದಲು ಆಡಿದ ಕನ್ನಡಿಗನು ತನ್ನ ಹಿರಿಯರ ಕಿವಿಗೆ ಹೇಗೆ ಕೇಳಿಸಿರಬೇಕು? ಇಂದು 'ಊವು' ಎನ್ನುವವನು ನಮ್ಮ ಕಿವಿಗೆ ಕೇಳಿಸುವಂತೆಯೇ ಇರಬಹುದು. ಪೂ, ಹೂ, ಊ ಇವು ಒಂದೇ ದಾರಿಯ ಮೂರು ನಿಲ್ದಾಣಗಳು. ನಡುವಿನ ನಿಲ್ದಾಣದಲ್ಲಿ ಇಳಿದವರು ಮುಂದೆ ಹೋದವರನ್ನು ದಾರಿತಪ್ಪಿದವರೆಂದು ಕರೆಯುವುದು ವ್ಯಾಕರಣದ ನಿರ್ಣಯವಲ್ಲ, ಸಮಾಜದ ನಿರ್ಣಯ.

ನಮ್ಮ ಪ್ರಾಚೀನ ಶಾಸ್ತ್ರಕಾರರಿಗೆ ಈ ತಿಳಿವಳಿಕೆ ಇರಲಿಲ್ಲವೆಂದು ಹೇಳಲಾಗದು. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಶಬ್ದಗಳು ಜನರ ನಾಲಗೆಯಲ್ಲಿ ಮಾರ್ಪಟ್ಟ ಬಗೆಯನ್ನು ನಿಯಮಬದ್ಧವಾಗಿ ನಿರೂಪಿಸುತ್ತಾನೆ. ಶಶಿ 'ಸಸಿ'ಯಾಗುವುದು ಅವನಿಗೆ ಕಾವ್ಯಕ್ಕೆ ಸಲ್ಲುವ ತದ್ಭವ. ಇಂದು ಮಗುವೊಂದು ಶಾಲೆಯನ್ನು 'ಸಾಲೆ' ಎಂದರೆ ನಾವು ಬೆತ್ತ ಹುಡುಕುತ್ತೇವೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವಂತೂ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಹೊಗಳಿಯೂ, ದೇಸಿಯ ಬಗೆಗಳು ಎಷ್ಟೆಂದರೆ ಸಾವಿರ ನಾಲಗೆಯ ವಾಸುಕಿಯೂ ಅರಿಯಲಾರದೆ ಬೇಸರಗೊಂಡಾನೆಂದು ಒಪ್ಪಿಕೊಳ್ಳುತ್ತದೆ. ಆರು ಮೈಲಿಯ ಲೆಕ್ಕ ಹೇಳುವ ಹಿಗಿನ್ಸನ ಜಂಬಕ್ಕೂ ಮಾರ್ಗಕಾರನ ಈ ವಿನಯಕ್ಕೂ ಇರುವ ಅಂತರ ಗಮನಾರ್ಹ.

4

ಆದರೂ ಹಿಗಿನ್ಸನ ಪಾಠದ ದೃಶ್ಯಗಳು ನಮಗೆ ಅಸಹ್ಯವಾಗುವುದಿಲ್ಲ, ಉಲ್ಲಾಸ ತರುತ್ತವೆ. ಏಕೆ? ಇಲ್ಲಿಯೇ ಸಂಗೀತದ ಪಾತ್ರ ಬರುತ್ತದೆ. ನಾಟಕದಲ್ಲಿ ಷಾ ಪಾಠದ ಬಹುಭಾಗವನ್ನು ತೆರೆಯ ಹಿಂದಕ್ಕೆ ತಳ್ಳಿದ್ದರು. ಗೀತನಾಟಕ ಅದನ್ನು ಮುಂದಕ್ಕೆ ತಂದಿತು. ನಡುರಾತ್ರಿ ಕಳೆದ ಮೇಲೆ, ಮೂವರೂ ಸೋತು ಕುಳಿತಿರುವಾಗ, ಸ್ಪೇನ್ ದೇಶದ ಮಳೆಯನ್ನು ಕುರಿತ ಅಭ್ಯಾಸವಾಕ್ಯ ಎಲೈಜಾಳ ಬಾಯಲ್ಲಿ ಇದ್ದಕ್ಕಿದ್ದಂತೆ ಸರಿಯಾಗಿ ಬರುತ್ತದೆ. ಮಾತು ಮೆಲ್ಲನೆ ಲಯವಾಗಿ, ಲಯ ಹಾಡಾಗಿ, ಹಾಡು ಕುಣಿತವಾಗುತ್ತದೆ. ಹೊಸ ನುಡಿಯೊಂದು ಮೊದಲ ಬಾರಿಗೆ ನಾಲಗೆಗೆ ಒಲಿದಾಗಿನ ಹಿಗ್ಗನ್ನು ಇಷ್ಟು ಚೆನ್ನಾಗಿ ಹಿಡಿದ ಇನ್ನೊಂದು ದೃಶ್ಯ ಚಲನಚಿತ್ರದಲ್ಲಿ ವಿರಳ. ತುಳುನಾಡಿನಿಂದ ಮುಂಬಯಿಗೆ ಬಂದು, ಹಗಲು ಉಡುಪಿ ಹೋಟೆಲುಗಳಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಹುಡುಗರ ತಲೆಮಾರಿಗೆ ಈ ಹಿಗ್ಗಿನ ಬೆಲೆ ಗೊತ್ತಿತ್ತು. ಷಾ ಅವರ ಎಲೈಜಾ ಪಾಠಕ್ಕೆಂದು ಕೊಡಲು ಬರುವ ಒಂದು ಶಿಲಿಂಗ್ ಅವಳ ದಿನದ ಗಳಿಕೆಯ ಐದರಲ್ಲಿ ಎರಡು ಪಾಲು. ಕಲಿಕೆಗಾಗಿ ಬಡವರು ತೆರುವ ಬೆಲೆ ಎಲ್ಲ ದೇಶದಲ್ಲಿಯೂ ಹೀಗೆಯೇ.

ಹಾಡುಗಳ ಹಂಚಿಕೆಯಲ್ಲಿಯೂ ಒಂದು ಅರ್ಥವಿದೆ. ಹಿಗಿನ್ಸನ ಪಾತ್ರ ವಹಿಸಿದ ರೆಕ್ಸ್ ಹ್ಯಾರಿಸನ್ ಗಾಯಕರಲ್ಲ. ಅವರು ತಮ್ಮ ಹಾಡುಗಳನ್ನು ತಾಳಕ್ಕೆ ಸರಿಯಾಗಿ ಮಾತಿನಂತೆ ಹೇಳುತ್ತಾರೆ. ಯಕ್ಷಗಾನದ ಪದ ಮತ್ತು ಅರ್ಥಗಳ ಕೂಟಕ್ಕೆ ಹೊಂದಿಕೊಂಡ ಕರಾವಳಿಯ ಪ್ರೇಕ್ಷಕನಿಗೆ ಇದು ವಿಚಿತ್ರವೆನಿಸದು. ಎಲೈಜಾ ಮಾತ್ರ ತುಂಬುಕಂಠದಿಂದ ಹಾಡುತ್ತಾಳೆ. ಭಾಷೆಯ ಮೇಲೆ ಒಡೆತನವುಳ್ಳವನಿಗೆ ರಾಗವಿಲ್ಲ, ಭಾಷೆಯಿಲ್ಲದವಳೆಂದು ಅವನು ಬಗೆದವಳಿಗೆ ರಾಗವಿದೆ. ಅವಳು ಮನೆ ಬಿಟ್ಟು ಹೋದ ಮೇಲೆ, ಅವಳ ಮುಖ ತನಗೆ ರೂಢಿಯಾಗಿಬಿಟ್ಟಿದೆಯೆಂದು ಬೀದಿಯಲ್ಲಿ ತನಗೆ ತಾನೇ ಹೇಳಿಕೊಳ್ಳುವಾಗ ಹಿಗಿನ್ಸನ ಮಾತು ರಾಗದ ಸಮೀಪಕ್ಕೆ ಬರುತ್ತದೆ. ಗುರುವಿಗೆ ಶಿಷ್ಯೆಯಿಂದ ದೊರೆತ ಪಾಠ ಇದು.

ಚಿತ್ರದ ಹೊರಗಿನ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಬ್ರಾಡ್‌ವೇಯಲ್ಲಿ ಎಲೈಜಾ ಆಗಿ ಹಾಡಿದ್ದ ಜೂಲಿ ಆಂಡ್ರ್ಯೂಸ್ ಅವರನ್ನು ಬಿಟ್ಟು ನಿರ್ಮಾಪಕರು ಆಡ್ರಿ ಹೆಪ್‌ಬರ್ನ್ ಅವರನ್ನು ಆರಿಸಿದರು. ಹೆಪ್‌ಬರ್ನ್ ಹಾಡುಗಳನ್ನು ಅಭ್ಯಾಸ ಮಾಡಿ ಹಾಡಿದರೂ, ಕೊನೆಗೆ ಚಿತ್ರದಲ್ಲಿ ಬಹುಮಟ್ಟಿಗೆ ಉಳಿದದ್ದು ಮಾರ್ನಿ ನಿಕ್ಸನ್ ಎಂಬ ಗಾಯಕಿಯ ದನಿ. ತೆರೆಯ ಮೇಲೆ ಆಕೆಯ ಹೆಸರು ಬರಲಿಲ್ಲ. ಆ ವರ್ಷದ ಅತ್ಯುತ್ತಮ ನಟಿ ಪ್ರಶಸ್ತಿಗೆ ಹೆಪ್‌ಬರ್ನ್ ಹೆಸರು ಸೂಚಿತವಾಗಲೂ ಇಲ್ಲ. 'ಮೇರಿ ಪಾಪಿನ್ಸ್' ಚಿತ್ರಕ್ಕಾಗಿ ಅದನ್ನು ಪಡೆದವರು ಜೂಲಿ ಆಂಡ್ರ್ಯೂಸ್. ಹುಡುಗಿಯೊಬ್ಬಳ ದನಿಯನ್ನು ಇತರರು ತಿದ್ದುವ ಕಥೆಯಲ್ಲಿ ನಾಯಕಿಯ ದನಿಯೇ ಬೇರೆಯವರದಾಯಿತು. ಹಿನ್ನೆಲೆ ಗಾಯನಕ್ಕೆ ಒಗ್ಗಿಹೋದ ಭಾರತೀಯ ಪ್ರೇಕ್ಷಕನಿಗೆ ಇದು ಸಹಜ. ಕಥೆಯ ದೃಷ್ಟಿಯಿಂದ ಮಾತ್ರ ಮನಸ್ಸನ್ನು ಚುಚ್ಚುವ ವ್ಯಂಗ್ಯ.

5

ಚಿತ್ರದ ತಿರುಳು ಎಲೈಜಾಳ ಎರಡು ಪರೀಕ್ಷೆಗಳಲ್ಲಿದೆ. ಮೊದಲನೆಯದು ಆಸ್ಕಟ್ ಕುದುರೆ ಪಂದ್ಯದ ದೃಶ್ಯ. ಅಲ್ಲಿ ಅವಳ ಉಚ್ಚಾರಣೆ ನಿರ್ದುಷ್ಟ. ಆದರೆ ಹೇಳುವುದು ತನ್ನ ಕೇರಿಯ ಸಾವು, ಕುಡಿತ, ಕಳವುಗಳ ಸುದ್ದಿ. ನಾಲಗೆ ಬದಲಾಗಿದೆ, ಬದುಕು ಬದಲಾಗಿಲ್ಲ. ಎರಡನೆಯದು ರಾಯಭಾರ ಕಚೇರಿಯ ನೃತ್ಯಕೂಟ. ಅಲ್ಲಿ ಹಂಗೇರಿಯ ನುಡಿತಜ್ಞನೊಬ್ಬ ಅವಳನ್ನು ಪರೀಕ್ಷಿಸಿ, ಇವಳ ಇಂಗ್ಲಿಷ್ ಅತಿಯಾಗಿ ಶುದ್ಧವಾಗಿದೆ, ಆದ್ದರಿಂದ ಇವಳು ಇಂಗ್ಲಿಷರವಳಲ್ಲ, ಹಂಗೇರಿಯ ರಾಜಕುಮಾರಿ ಎಂದು ಸಾರುತ್ತಾನೆ. ಷಾ ಅವರ ಈ ವಿನೋದದಲ್ಲಿ ಕಹಿಯಾದ ಸತ್ಯವಿದೆ. ಅತಿಯಾದ ಶುದ್ಧಿ ಪರಕೀಯತೆಯ ಗುರುತು. ತುಳು, ಕೊಂಕಣಿ, ಬ್ಯಾರಿ ಮನೆಮಾತಿನ ಕರಾವಳಿಗರು ಶಾಲೆಯಲ್ಲಿ ಕಲಿತ ಕನ್ನಡವನ್ನಾಡಿದರೆ ಬೆಂಗಳೂರಿನಲ್ಲಿ ಅದನ್ನು 'ಪುಸ್ತಕದ ಕನ್ನಡ' ಎಂದು ನಗುವುದುಂಟು. ಮುಲುಂಡಿನ ಕನ್ನಡ ಮನೆಯ ಮಗು ಬೇಸಗೆ ರಜೆಯಲ್ಲಿ ಊರಿಗೆ ಹೋಗಿ, ಪಾಠದಲ್ಲಿದ್ದಂತೆ ತಪ್ಪಿಲ್ಲದೆ ಮಾತನಾಡಿದರೆ ಓರಗೆಯ ಮಕ್ಕಳು ಮುಸಿಮುಸಿ ನಗುತ್ತಾರೆ. ತಪ್ಪಿ ಮಾತನಾಡಿದರೆ ದೊಡ್ಡವರು ಮರುಗುತ್ತಾರೆ. ಮಗುವಿಗೆ ಗೆಲ್ಲುವ ದಾರಿಯೇ ಇಲ್ಲ.

ನೃತ್ಯಕೂಟದಿಂದ ಮರಳಿದ ಇರುಳು ಗಂಡಸರಿಬ್ಬರೂ ಒಬ್ಬರನ್ನೊಬ್ಬರು ಅಭಿನಂದಿಸಿಕೊಳ್ಳುತ್ತಾರೆ. ಎಲೈಜಾ ಮೂಲೆಯಲ್ಲಿ ನಿಂತಿರುತ್ತಾಳೆ. ತಾನು ಈಗ ಯಾವುದಕ್ಕೆ ಯೋಗ್ಯಳು, ಎಲ್ಲಿಗೆ ಹೋಗಬೇಕು ಎಂದು ಅವಳು ಕೇಳುವ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಹೊಸ ವೇಷದಲ್ಲಿ ಹೂವಿನ ಮಾರುಕಟ್ಟೆಗೆ ಹೋದರೆ ಹಳೆಯ ಒಡನಾಡಿಗಳಿಗೆ ಅವಳ ಗುರುತೇ ಸಿಗುವುದಿಲ್ಲ. ಷಾ ಅವರ ನಾಟಕದ ಕೊನೆಯ ಅಂಕದಲ್ಲಿ ಅವಳು ತನ್ನನ್ನು ಪರದೇಶಕ್ಕೆ ಒಯ್ದ ಮಗುವಿಗೆ ಹೋಲಿಸಿಕೊಳ್ಳುತ್ತಾಳೆ. ಆ ಮಗುವಿನಂತೆ ತಾನೂ ತನ್ನ ನುಡಿಯನ್ನು ಮರೆತೆ, ಈಗ ನಿಮ್ಮದೊಂದೇ ನನ್ನ ನುಡಿ ಎನ್ನುತ್ತಾಳೆ. ವಲಸೆಯ ಕುಟುಂಬಗಳಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದರೂ ಅವುಗಳಲ್ಲಿ ಕಲಿಯುವ ಮಕ್ಕಳ ಸಂಖ್ಯೆ ಇಳಿಯುತ್ತ ಬಂದಿದೆ. ಬೇರೆ ನುಡಿಯಲ್ಲಿ ಕಲಿತು ಮೇಲೇರಿದ ಮಗಳಿಗೂ ಅವಳ ಅಜ್ಜಿಗೂ ನಡುವೆ ಈಗ ಯಾವ ಮಾತು ಉಳಿದಿದೆ ಎಂಬುದು ಬರಿಯ ಸಾಹಿತ್ಯಕ ಪ್ರಶ್ನೆಯಲ್ಲ.

ನೆರೆಹೊರೆಯ ಭಾಷೆಗಳು ಈ ಕಥೆಯನ್ನು ಮತ್ತೆ ಮತ್ತೆ ತಮ್ಮದಾಗಿಸಿಕೊಂಡದ್ದು ಇದೇ ಕಾರಣದಿಂದ ಇರಬೇಕು. ಪು. ಲ. ದೇಶಪಾಂಡೆಯವರು 1975ರಲ್ಲಿ ಇದನ್ನು 'ತೀ ಫುಲರಾಣಿ' ಎಂದು ಮರಾಠಿ ರಂಗಭೂಮಿಗೆ ತಂದರು. ಭಕ್ತಿ ಬರ್ವೆಯವರ ಮಂಜುಳೆ ಮರಾಠಿಗರ ನೆನಪಿನಲ್ಲಿ ಎಲೈಜಾಳನ್ನೂ ಮೀರಿಸಿ ನಿಂತಳು. ಗುಜರಾತಿಯಲ್ಲಿ ಮಧು ರಾಯ್ ಅವರ 'ಸಂತು ರಂಗೀಲಿ' ಸರಿತಾ ಜೋಶಿಯವರ ಅಭಿನಯದಿಂದ ಹೆಸರಾಯಿತು. 1980ರಲ್ಲಿ ಬಾಸು ಚಟರ್ಜಿಯವರ ಹಿಂದಿ ಚಿತ್ರ 'ಮನ್ ಪಸಂದ್' ಬಂದಾಗ ದೇವ್ ಆನಂದ್ ಮತ್ತು ಟೀನಾ ಮುನೀಮ್ ಅವರ ಜೊತೆಗೆ, ಪಿಕರಿಂಗನಿಗೆ ಸಮಾನವಾದ ಗೆಳೆಯನ ಪಾತ್ರದಲ್ಲಿ ಕನ್ನಡದ ನಾಟಕಕಾರ ಗಿರೀಶ ಕಾರ್ನಾಡರಿದ್ದರು. 2023ರಲ್ಲಿ 'ಫುಲರಾಣಿ' ಎಂಬ ಮರಾಠಿ ಚಿತ್ರವೂ ಬಂತು. ಮಹಾಕವಿ ಕಾಳಿದಾಸ ನಾಟ್ಯಮಂದಿರದಲ್ಲಿ ಮರಾಠಿ ಮತ್ತು ಗುಜರಾತಿ ನಾಟಕಗಳು ಸರದಿಯಾಗಿ ನಡೆಯುವ ಮುಲುಂಡಿನಂತಹ ಊರಿನಲ್ಲಿ ಪ್ರತಿಯೊಂದು ಭಾಷೆಗೂ ತನ್ನದೇ ಒಬ್ಬ ಎಲೈಜಾ ಇದ್ದಾಳೆ. ಶಿಷ್ಟ ನುಡಿ ಮತ್ತು ಬೀದಿಯ ನುಡಿ ಎಂಬ ಭೇದವಿರುವ ಪ್ರತಿಯೊಂದು ಭಾಷೆಗೂ ಅವಳು ಬೇಕು.

6

ಕಥೆಯ ಮುಕ್ತಾಯದ ಬಗ್ಗೆ ನಡೆದಿರುವ ವಾದ ಪ್ರಸಿದ್ಧವಾದುದು. ಹಿಗಿನ್ಸ್ ಮತ್ತು ಎಲೈಜಾ ಕೂಡಬಾರದೆಂಬುದು ಷಾ ಅವರ ದೃಢವಾದ ಮತ. 1914ರ ಲಂಡನ್ ಪ್ರಯೋಗದಲ್ಲಿ ನಾಯಕನಟನೇ ಕೊನೆಯಲ್ಲಿ ಎಲೈಜಾಳತ್ತ ಹೂ ಎಸೆದು ಪ್ರಣಯದ ಸೂಚನೆ ಕೊಟ್ಟದ್ದು ಅವರನ್ನು ಕೆರಳಿಸಿತು. 1916ರಲ್ಲಿ ಉತ್ತರಕಥೆಯೊಂದನ್ನು ಬರೆದು, ಅವಳು ಫ್ರೆಡ್ಡಿ ಎಂಬ ಯುವಕನನ್ನು ಮದುವೆಯಾಗಿ ಹೂವಿನ ಅಂಗಡಿ ಇಟ್ಟಳೆಂದು ಸ್ಪಷ್ಟಪಡಿಸಿದರು. ಆದರೂ 1938ರ ಚಿತ್ರ ಅವಳನ್ನು ಹಿಗಿನ್ಸನ ಮನೆಗೆ ಮರಳಿಸಿತು, 1956ರ ಗೀತನಾಟಕ ಮತ್ತು 1964ರ ಚಿತ್ರ ಅದನ್ನೇ ಅನುಸರಿಸಿದವು. ಇಷ್ಟು ಒರಟನಾದವನ ಚಪ್ಪಲಿಯನ್ನು ಹುಡುಕಿಕೊಡಲು ಅವಳು ಏಕೆ ಮರಳಬೇಕು ಎಂಬ ಆಕ್ಷೇಪ ನ್ಯಾಯವಾದುದೇ. 2018ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನ ಪ್ರಯೋಗ ಹಾಡು ಮಾತುಗಳನ್ನು ಉಳಿಸಿಕೊಂಡೇ, ಕೊನೆಯಲ್ಲಿ ಎಲೈಜಾ ಅವನನ್ನು ಬಿಟ್ಟು ಹೊರನಡೆಯುವಂತೆ ಮಾಡಿತು.

ಚಪ್ಪಲಿಯ ಮಾತಿಗೆ ಮೊದಲು ನಡೆಯುವ ಒಂದು ಸಣ್ಣ ಸಂಗತಿಯನ್ನು ಈ ವಾದದಲ್ಲಿ ಸಾಕಷ್ಟು ಗಮನಿಸಿದಂತಿಲ್ಲ. ಏಕಾಂಗಿಯಾದ ಹಿಗಿನ್ಸ್ ಯಂತ್ರವನ್ನು ಹಚ್ಚಿ ಎಲೈಜಾಳ ದನಿಯನ್ನು ಕೇಳುತ್ತಾನೆ. ಯಾವ ದನಿ? ನೃತ್ಯಕೂಟದ ರಾಜಕುಮಾರಿಯದಲ್ಲ, ಮೊದಲ ದಿನ ಅವನ ಬಾಗಿಲಿಗೆ ಬಂದ ಹೂಹುಡುಗಿಯದು. ತಾನೇ ಅಳಿಸಿಹಾಕಿದ ನುಡಿಗಾಗಿ ಅವನು ಹಂಬಲಿಸುತ್ತಿದ್ದಾನೆ. ಆಗ ಮೌನವಾಗಿ ಒಳಬಂದ ಎಲೈಜಾ ಯಂತ್ರವನ್ನು ನಿಲ್ಲಿಸಿ, ಅದು ಹೇಳಬೇಕಾಗಿದ್ದ ವಾಕ್ಯವನ್ನು ತನ್ನ ಹಳೆಯ ಕಾಕ್ನಿಯಲ್ಲಿ, ಹಕಾರವನ್ನು ನುಂಗಿಯೇ, ಮೃದುವಾಗಿ ತಾನೇ ಹೇಳುತ್ತಾಳೆ. ಮುಖ, ಕೈ ತೊಳೆದುಕೊಂಡೇ ಬಂದಿದ್ದೇನೆಂಬುದು ಆ ಮಾತಿನ ಅರ್ಥ. ಮೊದಲ ಬಾರಿ ಅದನ್ನು ಆಡಿದಾಗ ಅವಳಿಗೆ ಬೇರೆ ನುಡಿಯಿರಲಿಲ್ಲ. ಈಗ ಅವಳು ಆರಿಸಿಕೊಂಡು ಆಡುತ್ತಾಳೆ. ನಾಟಕದ ಎಲೈಜಾ ನುಡಿಯನ್ನು ಮರೆತೆನೆಂದಿದ್ದಳು, ಚಿತ್ರದ ಎಲೈಜಾ ಮರೆತಿಲ್ಲ. ಅವಳೀಗ ಎರಡು ನುಡಿಯವಳು.

ಚಿತ್ರದ ಬಾಳಿಕೆಯ ಗುಟ್ಟು ನನ್ನ ಮಟ್ಟಿಗೆ ಇಲ್ಲಿದೆ. ಹಾಡು, ಉಡುಪು, ಅಲಂಕಾರಗಳು ನಮ್ಮನ್ನು ಬಾಗಿಲವರೆಗೆ ಕರೆತರುತ್ತವೆ. ಒಳಗೆ ಉಳಿಸುವುದು ಈ ಸಾಂತ್ವನ. ನುಡಿಯನ್ನು ಕಲಿಯುವ ಹಿಗ್ಗನ್ನೂ ಕಳೆದುಕೊಳ್ಳುವ ನೋವನ್ನೂ ಒಂದೇ ಕಥೆಯಲ್ಲಿ ತೋರಿಸಿ, ಕಲಿಯಲು ಕಳೆದುಕೊಳ್ಳಲೇಬೇಕೆಂಬ ನಿಯಮವಿಲ್ಲವೆಂದು ಅದು ಒಂದೇ ವಾಕ್ಯದಲ್ಲಿ ಸೂಚಿಸುತ್ತದೆ. ಹಿಗಿನ್ಸನನ್ನು ಅವಳು ಒಪ್ಪುವಳೋ ಬಿಡುವಳೋ ಎಂಬುದು ಆಮೇಲಿನ ಮಾತು.

ಹೊರನಾಡಿನಲ್ಲಿ ಕನ್ನಡವನ್ನು ಕಲಿಸುವವರಿಗೆ ಇದರಲ್ಲಿ ಒಂದು ಹೊಣೆಯ ನೆನಪೂ ಇದೆ. ವಿದ್ಯಾರ್ಥಿಯ ನಾಲಗೆಯನ್ನು ತಿದ್ದುವುದು ನಮ್ಮ ವೃತ್ತಿ, ಶಿಷ್ಟ ಕನ್ನಡವಿಲ್ಲದೆ ಗ್ರಂಥವಿಲ್ಲ, ಪರೀಕ್ಷೆಯಿಲ್ಲ, ದೂರದ ಕನ್ನಡಿಗರೊಡನೆ ಸಂವಾದವಿಲ್ಲ. ಅದನ್ನು ಕಲಿಸುವಾಗ ಧಾರವಾಡದ 'ಬರ್‍ರಿ'ಯನ್ನೂ ಕುಂದಾಪುರದ 'ಹ್ವಾಯ್' ಎಂಬ ಕರೆಯನ್ನೂ ತುಳುವಿನ 'ಪೂ'ವನ್ನೂ ತರಗತಿಯ ಹೊರಗೆ ಬಿಟ್ಟುಬರಲು ಹೇಳುವ ಅಧಿಕಾರ ನಮಗಿದೆಯೇ? ಜ್ವಾಲೆಯ ಮುಂದೆ ಕುಳಿತು ಹಕಾರವನ್ನು ಅಭ್ಯಾಸ ಮಾಡುವ ಹುಡುಗಿಗೆ 'ಹೂ' ಎನ್ನಲು ಕಲಿಸೋಣ. ಅವಳ ಮನೆಯಲ್ಲಿ ಅದು 'ಪೂ' ಆಗಿದ್ದರೆ, ಆ ಮಾತು ಹಳಗನ್ನಡದ ಕವಿಗಳ ಮಾತೂ ಹೌದೆಂಬುದನ್ನು ಅದೇ ಪಾಠದಲ್ಲಿ ಹೇಳೋಣ.